ಬಾಣಂತಿಯ ಮನೋವ್ಯಥೆಯೂ ಚೇತರಿಕೆಯ ಕಾಲಮಾನವೂ

ಪ್ರಸವದ ಆಚೀಚೆ ತಾಯಂದಿರಿಗೆ ಉಂಟಾಗುವ ಖಿನ್ನತೆ, ಭೀತಿ, ಉನ್ಮಾದ ಮುಂತಾದ ವ್ಯಥೆಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅವುಗಳ ಆರಂಭವನ್ನೇ ವಿಚಾರಿಸಿದ್ದಾರೆ. ರೋಗವು ಯಾವಾಗ ಬಂದಿತು, ಏಕೆ ಬಂದಿತು, ಅದಕ್ಕೆ ಯಾವ ಹೆಸರನ್ನಿಡತಕ್ಕದ್ದು ಎಂಬುದೇ ಅವರ ಪ್ರಶ್ನೆ. ಬಂದ ವ್ಯಥೆಯು ಎಷ್ಟು ಕಾಲಕ್ಕೆ ನೀಗಿತು, ನೀಗಿತೆಂದು ನಿಶ್ಚಯಿಸತಕ್ಕವರು ಯಾರು ಎಂಬ ಇನ್ನೊಂದು ಪ್ರಶ್ನೆಯು ಹಿಂದೆ ಉಳಿದಿದೆ. ಈ ಎರಡನೆಯ ಪ್ರಶ್ನೆಯನ್ನು ತುಳುನಾಡಿನ ಮತ್ತು ಕನ್ನಡ ಸಾಹಿತ್ಯದ ಆಧಾರಗಳಿಂದ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವು. ನಮ್ಮ ಪಕ್ಷವನ್ನು ಮೊದಲೇ ಹೇಳಿಬಿಡುವುದು ಲೇಸು. ಬಾಣಂತನದ ಅವಧಿಯನ್ನು ನಮ್ಮ ಶಾಸ್ತ್ರವೂ ರೂಢಿಯೂ ದೇಹದ ಲಕ್ಷಣಗಳಿಂದ ಎಣಿಸಿದುವು. ಆ ಎಣಿಕೆಯು ಮನಸ್ಸಿಗೆ ಸಾಲದೆಂಬುದನ್ನು ನಮ್ಮಲ್ಲಿ ಮೊದಲು ಕಂಡುದು ವೈದ್ಯಗ್ರಂಥವಲ್ಲ, ಒಂದು ಪಾಡ್ದನ ಮತ್ತು ಒಂದು ಕಾದಂಬರಿ.

ವಿಷಯವನ್ನು ನೆಲದ ಮೇಲೆ ನಿಲ್ಲಿಸಿಕೊಳ್ಳುವುದಕ್ಕೆ ಸಂತೆಕಟ್ಟೆಯು ಅನುಕೂಲವಾದ ಸ್ಥಳವಾಗಿದೆ. ಇದು ಉಡುಪಿಯ ಉತ್ತರಕ್ಕೆ, ಸುವರ್ಣಾ ನದಿಯ ಈಚೆಗೆ, ಕಲ್ಯಾಣಪುರಕ್ಕೆ ಹೊಂದಿಕೊಂಡು ಹೆದ್ದಾರಿಯ ಮೇಲಿರುವ ಊರು. ಇಲ್ಲಿಂದ ದಕ್ಷಿಣಕ್ಕೆ ಉಡುಪಿಯಲ್ಲಿ ಬಾಸೆಲ್ ಮಿಶನ್ನಿನ ವೈದ್ಯೆ ಈವಾ ಲೊಂಬಾರ್ಡ್ ಅವರು 1923ರಲ್ಲಿ ಆಸ್ಪತ್ರೆಯನ್ನು ತೆರೆದರು. ಅದು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಮಣಿಪಾಲದಲ್ಲಿ ಡಾ. ಟಿ. ಎಂ. ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದುದು 1953ರಲ್ಲಿ. ಮಣಿಪಾಲವನ್ನು ದಾಟಿ ಕಾರ್ಕಳದ ದಾರಿಯಲ್ಲಿ ಹೋದರೆ ಹಿರಿಯಡಕ. ಅಲ್ಲಿಯ ವೀರಭದ್ರ ದೇವಸ್ಥಾನದಲ್ಲಿ ಸಿರಿಜಾತ್ರೆಯು ನಡೆಯುತ್ತದೆ. ಉತ್ತರಕ್ಕೆ ಹೋದರೆ ಕುಂದಾಪುರದ ಬಳಿಯ ಬಸರೂರು. ಪಾಡ್ದನದಲ್ಲಿ ಸಿರಿಯ ಗಂಡನಾದ ಕಾಂತು ಪೂಂಜನ ಅರಮನೆಯು ಅಲ್ಲಿಯದು. ಹೀಗೆ ಆಸ್ಪತ್ರೆ, ಮಹಾವಿದ್ಯಾಲಯ, ಜಾತ್ರೆ, ಪುರಾಣ ಎಂಬ ನಾಲ್ಕೂ ಒಂದು ದಿನದ ನಡಿಗೆಗಿಂತ ಬಹಳ ದೂರವಿಲ್ಲದ ಸೀಮೆಯಲ್ಲಿವೆ.

ಮೊದಲು ಶಬ್ದವಿಚಾರ. ಕನ್ನಡದ ಬಾಣಂತಿ, ತೆಲುಗಿನ ಬಾಲಿಂತ, ಮರಾಠಿಯ ಬಾಳಂತೀಣ ಇವು ಒಂದೇ ಬಳಗದ ಶಬ್ದಗಳು. ಬಾಲ ಎಂಬುದಕ್ಕೆ ಇವುಗಳನ್ನು ಸಂಬಂಧಿಸುವುದು ವಾಡಿಕೆ. ಅಂದರೆ ಈ ಭಾಷೆಗಳಲ್ಲಿ ಹೆತ್ತವಳಿಗೆ ಹೆಸರು ಬಂದುದು ಮಗುವಿನ ಮೂಲಕ. ತುಳುವಿನ ಪೆದ್ಮೆದಿ ಎಂಬುದಾದರೋ ಹೆರುವುದೆಂಬ ಅರ್ಥದ ಧಾತುವಿನಿಂದ ಆದುದು. ಅಲ್ಲಿ ಹೆಸರು ಆಕೆಯ ಕ್ರಿಯೆಯಿಂದಲೇ ಬಂದಿದೆ. ಈ ಭೇದವು ಸಣ್ಣದಾದರೂ ಗಮನಿಸತಕ್ಕದ್ದು. ರೋಗಕ್ಕೆ ಕನ್ನಡದಲ್ಲಿ ಬಳಕೆಯಾದ ಮಾತು ಬಾಣಂತಿ ಸನ್ನಿ. ಸನ್ನಿಯು ಸನ್ನಿಪಾತದ ತದ್ಭವ. ತ್ರಿದೋಷಗಳೂ ಕೆರಳಿ ಜ್ವರವು ತಲೆಗೇರಿ ರೋಗಿಯು ಬಡಬಡಿಸುವ ಸ್ಥಿತಿಯು ಅದರ ಅರ್ಥ. ಹೆರಿಗೆಯ ಮನೋವಿಕಾರವನ್ನು ಜ್ವರದ ಹೆಸರಿನಿಂದ ಕರೆದುದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ವಿಯೆನ್ನಾ ನಗರದಲ್ಲಿ ಸೆಮ್ಮೆಲ್‌ವೈಸನು 1847ರಲ್ಲಿ ವೈದ್ಯರ ಕೈತೊಳೆಯಿಸಿ ಸೂತಿಕಾಜ್ವರವನ್ನು ತಗ್ಗಿಸಿ ತೋರಿಸುವ ತನಕ, ಆತನ ಬಳಿಕವೂ ಬಹುಕಾಲ, ನಂಜೇರಿದ ಬಾಣಂತಿಯು ಪ್ರಲಾಪಿಸುತ್ತಲೇ ಪ್ರಾಣಬಿಡುವುದು ಲೋಕದಲ್ಲೆಲ್ಲ ಸಾಮಾನ್ಯವಾಗಿದ್ದಿತು. ನಂಜು ಕಡಮೆಯಾದ ಮೇಲೆಯೇ ನಂಜಿಲ್ಲದೆ ಬರುವ ಉನ್ಮಾದವು ಬೇರೆಯಾಗಿ ಕಣ್ಣಿಗೆ ಬಿದ್ದಿತು. ಆದರೆ ಸನ್ನಿಯೆಂಬುದು ಗದ್ದಲದ ರೋಗಕ್ಕೆ ಒಪ್ಪುವ ಹೆಸರು. ಬಾಣಂತಿಕೋಣೆಯಲ್ಲಿ ಗೋಡೆಯ ಕಡೆಗೆ ಮುಖಮಾಡಿ ಮಲಗಿ, ಮಗುವನ್ನು ಕೊಟ್ಟರೆ ಎತ್ತಿಕೊಂಡು, ಕೊಡದಿದ್ದರೆ ಕೇಳದೆ ಇರುವವಳ ಸ್ಥಿತಿಗೆ ಅದು ಸಲ್ಲದು. ಅಂಥವಳನ್ನು ಕುರಿತು ಮನೆಯವರು ಆಡುವ ಮಾತು 'ಅವಳಿಗೆ ಬೇಜಾರು' ಎಂಬಿಷ್ಟೇ. ಪಾರಸಿಯಿಂದ ಬಂದ ಈ ಒಂದು ಶಬ್ದವು ಕನ್ನಡದ ಹೆಂಗಸರಿಗಾಗಿ ಹೊತ್ತ ಹೊರೆಯನ್ನು ನಿಘಂಟುಕಾರರು ಇನ್ನೂ ತೂಗಬೇಕಾಗಿದೆ.

ಇನ್ನು ಶಾಸ್ತ್ರವನ್ನು ನೋಡೋಣ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವು ಸೂತಿಕೆಗೆ ಬಂದ ರೋಗವು ಕೃಚ್ಛ್ರಸಾಧ್ಯ ಅಥವಾ ಅಸಾಧ್ಯವೆಂದು ಹೇಳಿ, ಗರ್ಭವು ಬೆಳೆದುದರಿಂದ ಧಾತುಗಳೆಲ್ಲ ಸಡಿಲಾಗಿರುವುದನ್ನೂ, ನೋವು ರಕ್ತಸ್ರಾವಗಳಿಂದ ಶರೀರವು ಬರಿದಾಗಿರುವುದನ್ನೂ ಕಾರಣವಾಗಿ ಕೊಡುತ್ತದೆ. ಗರ್ಭಿಣಿಯ ಮನಸ್ಸನ್ನು ಕುರಿತು ಚರಕನಿಗೆ ಬಹಳ ಎಚ್ಚರವುಂಟು. ಸದಾ ಶೋಕಿಸುವವಳ ಶಿಶುವು ಅಂಜುಬುರುಕವೂ ಕೃಶವೂ ಅಲ್ಪಾಯುವೂ ಆಗುವುದೆನ್ನುತ್ತಾನೆ. ಗರ್ಭವನ್ನು ನಿಲ್ಲಿಸುವುದರಲ್ಲಿ ಪ್ರಸನ್ನವಾದ ಮನಸ್ಸೇ ಶ್ರೇಷ್ಠವೆಂದು ಸೂತ್ರಸ್ಥಾನದಲ್ಲಿ ಎಣಿಸಿದ್ದಾನೆ. ಇಲ್ಲಿ ಒಂದು ಸೂಕ್ಷ್ಮವಿದೆ. ತಾಯಿಯ ದುಃಖವು ವಿಚಾರಕ್ಕೆ ಬಂದುದು ಶಿಶುವಿಗೆ ಆಗುವ ಕೇಡಿನ ದೆಸೆಯಿಂದ. ಮಗುವು ಹುಟ್ಟಿದ ಮೇಲೆ ಆ ದುಃಖದ ಮೇಲಿನ ಗಮನವು ಸಹಜವಾಗಿಯೇ ಸಡಿಲಿತು.

ಅವಧಿಯ ವಿಷಯದಲ್ಲಿ ವಾಗ್ಭಟನ ಮಾತು ಅತ್ಯಂತ ಸ್ಪಷ್ಟವಾಗಿದೆ. ಅಷ್ಟಾಂಗಹೃದಯದ ಪ್ರಕಾರ ಹೆತ್ತವಳು ಒಂದೂವರೆ ತಿಂಗಳಿಗೆ ಆಹಾರವಿಹಾರಗಳ ನಿರ್ಬಂಧದಿಂದ ಬಿಡುಗಡೆ ಹೊಂದಿ ಸೂತಿಕೆಯೆಂಬ ಹೆಸರನ್ನು ಕಳೆದುಕೊಳ್ಳುತ್ತಾಳೆ. ಮತ್ತೆ ರಜೋದರ್ಶನವಾದಾಗ ಆ ಹೆಸರು ಹೋಗುವುದೆಂಬುದು ಇನ್ನೊಂದು ಎಣಿಕೆ. ನಮ್ಮ ಮನೆಗಳ ನಲವತ್ತು ದಿನದ ಬಾಣಂತನವು ಈ ಒಂದೂವರೆ ತಿಂಗಳಿಗೆ ಸಮೀಪವಾಗಿರುವುದನ್ನು ವಾಚಕರು ಗಮನಿಸಬಹುದು. 1938ರಲ್ಲಿ ನೇಪಾಳದ ಹೇಮರಾಜ ಶರ್ಮರು ಬೆಳಕಿಗೆ ತಂದ ಕಾಶ್ಯಪಸಂಹಿತೆಯು ಇವೆಲ್ಲಕ್ಕಿಂತ ಉದಾರವಾದುದು. ಧಾತುಗಳು ತಮ್ಮ ಸ್ಥಿತಿಗೆ ಮರಳಲು ಅದು ಆರು ತಿಂಗಳನ್ನು ಕೊಡುತ್ತದೆ. ಅದೂ ಅಲ್ಲದೆ ಸೂತಿಕೋಪಚಾರವು ದೇಶದೇಶಕ್ಕೆ ಬೇರೆಯಾಗಬೇಕೆಂದು ವಿಧಿಸಿ, ನೀರು ಹೆಚ್ಚಾದ ಅನೂಪದೇಶದಲ್ಲಿ ಗಾಳಿಯಿಲ್ಲದ ಎಡೆಯಲ್ಲಿ ಮಲಗಿಸಿ ಬೆಚ್ಚಗಿನ ಪದಾರ್ಥಗಳಿಂದ ಉಪಚರಿಸಬೇಕೆನ್ನುತ್ತದೆ. ಮಳೆಗಾಲದಲ್ಲಿ ಸಂತೆಕಟ್ಟೆಯ ಗದ್ದೆಬಯಲುಗಳನ್ನು ಕಂಡವರಿಗೆ ಅನೂಪವೆಂದರೇನೆಂದು ಹೇಳಬೇಕಾದುದಿಲ್ಲ; ಇಲ್ಲಿಯ ಬಚ್ಚಲಿನ ಹಂಡೆ, ಎಣ್ಣೆ, ಮುಚ್ಚಿದ ಕೋಣೆ, ಮೆಣಸು ಶುಂಠಿಯ ಕಷಾಯಗಳು ಆ ವಿಧಿಗೆ ದೂರವಲ್ಲ. ಆದರೆ ಆರು ತಿಂಗಳಾಗಲಿ ನಲವತ್ತು ದಿನವಾಗಲಿ, ಎಣಿಸಿದುದು ಧಾತುವನ್ನು, ರಕ್ತವನ್ನು, ಹಾಲನ್ನು. ಎಣಿಕೆಯು ಮುಗಿದ ದಿನ ಹೆಂಗಸು ಕೋಣೆಯಿಂದ ಹೊರಗೆ ಬಂದು ಒಲೆಯ ಮುಂದೆ ನಿಲ್ಲಬೇಕು. ಮನಸ್ಸು ಕೋಣೆಯಲ್ಲೇ ಉಳಿದಿದ್ದರೆ ಅದಕ್ಕೆ ಲೆಕ್ಕವಿರಲಿಲ್ಲ.

ಈಗ ಸಿರಿಯ ಕಡೆಗೆ ಬರೋಣ. ಮಾಚಾರು ಗೋಪಾಲ ನಾಯ್ಕರು ಹಾಡಿದ ಪಾಠವನ್ನು ಫಿನ್ಲೆಂಡಿನ ಲೌರಿ ಹೊಂಕೊ, ಅನ್ನೇಲಿ ಹೊಂಕೊ ಇವರೂ ನಮ್ಮ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಇವರೂ ಕೂಡಿ 1990ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿ, 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟಪಡಿಸಿದರು. ಅದು 15,683 ಸಾಲುಗಳ ಕಾವ್ಯ. ಕಥೆಯ ಮೈಯೆಲ್ಲ ಗರ್ಭ, ಪ್ರಸವ, ವಿಯೋಗಗಳಿಂದಲೇ ಆಗಿದೆ. ಸತ್ಯನಾಪುರದ ಬಿರ್ಮು ಆಳ್ವನ ಮನೆಯ ಸಿರಿಯು ಗರ್ಭಿಣಿಯಾದಾಗ ಬಯಕೆಯ ಶುಭಕಾರ್ಯಕ್ಕೆ ತಂದ ಸೀರೆಯನ್ನು ಕಾಂತು ಪೂಂಜನು ಮೊದಲು ಸೂಳೆ ಸಿದ್ದುವಿನ ಮನೆಗೆ ಒಯ್ಯುತ್ತಾನೆ. ಆಕೆ ಮುಟ್ಟಿದ ಸೀರೆಯನ್ನು ಸಿರಿಯು ಉಡಲೊಲ್ಲಳು. ಕುಮಾರನು ಹುಟ್ಟುತ್ತಾನೆ, ಮಗುವಿನ ಮುಖವನ್ನು ನೋಡಿದ ಅಜ್ಜನು ಸಾಯುತ್ತಾನೆ. ಸಿರಿಯು ಗಂಡನನ್ನು ಬಿಟ್ಟು, ಮನೆಯನ್ನು ಬಿಟ್ಟು, ಮಗನನ್ನೂ ಕಳೆದುಕೊಂಡು ಕೊಡ್ಸರಾಳ್ವನನ್ನು ಕೈಹಿಡಿಯುತ್ತಾಳೆ. ಸೊನ್ನೆಯನ್ನು ಹೆತ್ತು ಮಾಯವಾಗುತ್ತಾಳೆ. ಸೊನ್ನೆಯ ಅವಳಿ ಮಕ್ಕಳಾದ ಅಬ್ಬಗ ದಾರಗೆಯರು ಚೆನ್ನೆಮಣೆಯ ಆಟದಲ್ಲಿ ಜಗಳವಾಡಿ ಇಬ್ಬರೂ ಇಲ್ಲವಾಗುತ್ತಾರೆ.

ಈ ಕಥೆಯಲ್ಲಿ ಪ್ರಕೃತ ವಿಷಯಕ್ಕೆ ಮುಖ್ಯವಾದ ಎರಡು ಅಂಶಗಳಿವೆ. ದುಃಖದ ಬೇರನ್ನು ಪಾಡ್ದನವು ಹೆರಿಗೆಯ ಕೋಣೆಯಲ್ಲಿ ನೆಡುವುದಿಲ್ಲ. ಬಯಕೆಯ ಸೀರೆಯಲ್ಲಿ, ಎಂದರೆ ಗರ್ಭದ ತಿಂಗಳುಗಳಲ್ಲಿ, ಗಂಡಹೆಂಡಿರ ನಡುವಿನ ಅಪಮಾನದಲ್ಲಿ ನೆಡುತ್ತದೆ. ಇನ್ನೊಂದು, ಈ ದುಃಖಕ್ಕೆ ದಿನದ ಲೆಕ್ಕವಿಲ್ಲ. ಅದು ಮಗಳಿಗೂ ಮೊಮ್ಮಕ್ಕಳಿಗೂ ಇಳಿಯುತ್ತದೆ. ಅಳಿಯಸಂತಾನದ ನಾಡಿನಲ್ಲಿ ಆಸ್ತಿಯು ತಾಯಿಯ ಬಳ್ಳಿಯಲ್ಲಿ ಇಳಿಯುವಂತೆ ವ್ಯಥೆಯೂ ಇಳಿಯಿತು ಎಂದರೆ ಚಮತ್ಕಾರವಾದೀತು. ಆದರೂ ಕಾವ್ಯದ ಕಟ್ಟಡವೇ ಹಾಗಿದೆ.

ಹಿರಿಯಡಕ, ಕವತ್ತಾರು ಮುಂತಾದೆಡೆಗಳ ಜಾತ್ರೆಗಳಲ್ಲಿ ನೂರಾರು ಹೆಂಗಸರು ಹಿಂಗಾರದ ಗೊನೆಯನ್ನು ಹಿಡಿದು ಸಾಲಾಗಿ ನಿಂತು ಸಿರಿಯಾಗಿ, ಸೊನ್ನೆಯಾಗಿ, ಅಬ್ಬಗ ದಾರಗೆಯರಾಗಿ ಮಾತನಾಡುತ್ತಾರೆ. ಕುಮಾರನ ಪಾತ್ರವನ್ನು ವಹಿಸಿದವನು ಅವರನ್ನು ಪ್ರಶ್ನಿಸಿ ಮಾತನಾಡಿಸುತ್ತಾನೆ. ಹೊಸದಾಗಿ ಆವೇಶವುಂಟಾದ ಹೆಂಗಸಿನ ಸಂಗಡ ಆಕೆಯ ಮನೆಯವರೂ ಬರಬೇಕು. ಆಕೆಯ ಬಾಯಿಂದ ಬಂದ ಅಳಲನ್ನು ಅವರು ಕೇಳಬೇಕು. 1970ರ ದಶಕದಿಂದ ಈ ಆಚಾರವನ್ನು ಅಭ್ಯಾಸಮಾಡಿದ ಅಮೆರಿಕದ ಪೀಟರ್ ಕ್ಲಾಸ್ ಅವರು ಆವೇಶದ ಕಾರಣವನ್ನು ಹೆಂಗಸಿನ ಮೈಯಲ್ಲಿ ಮಾತ್ರ ಹುಡುಕದೆ ಆಕೆಯ ಮನೆತನದ ಸಂಬಂಧಗಳಲ್ಲಿ ಹುಡುಕಿದರು. ಜಾತ್ರೆಗೆ ಬರುವವರೆಲ್ಲ ಬಾಣಂತಿಯರಲ್ಲ, ರೋಗಿಗಳೂ ಅಲ್ಲ. ಕೆಲವರು ವ್ಯಥೆಯಿಂದ ಬಂದು ಮುಂದೆ ವರ್ಷವರ್ಷವೂ ಸೇವೆಗಾಗಿ ಬರುವವರು. ಆವೇಶವೆಲ್ಲ ರೋಗವೆನ್ನುವ ಪಂಡಿತರೂ, ಜಾತ್ರೆಯೇ ಔಷಧವೆನ್ನುವ ಪಂಡಿತರೂ ನಮ್ಮಲ್ಲಿದ್ದಾರೆ. ಇಬ್ಬರೂ ಅವಸರದವರೆಂದು ನಮ್ಮ ಅಭಿಪ್ರಾಯ. ಇಲ್ಲಿ ನಾವು ಎತ್ತಿಕೊಳ್ಳುವುದು ಇಷ್ಟನ್ನೇ: ನಲವತ್ತನೆಯ ದಿನದಲ್ಲಿ ಮುಗಿಯದ ಲೆಕ್ಕವೊಂದಿದೆಯೆಂದು ಒಪ್ಪಿ, ಅದನ್ನು ವರ್ಷಕ್ಕೊಮ್ಮೆ ನಾಲ್ಕು ಜನರ ಮುಂದೆ ತೆಗೆಯುವ ಏರ್ಪಾಡು ಈ ಸೀಮೆಯಲ್ಲಿ ಇತ್ತು, ಇದೆ.

ಪಶ್ಚಿಮದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಹಿಪ್ಪೊಕ್ರಾಟಿಸನ ಹೆಸರಿನ ಗ್ರಂಥಗಳಲ್ಲಿ ಹೆತ್ತ ಬಳಿಕ ಮತಿಭ್ರಮೆಗೊಂಡ ಹೆಂಗಸರ ವೃತ್ತಾಂತಗಳುಂಟು. ಇಂಗ್ಲೆಂಡಿನಲ್ಲಿ ರಾಬರ್ಟ್ ಗೂಚನು 1820ರಲ್ಲಿ ಸೂತಿಕೋನ್ಮಾದವನ್ನು ಕುರಿತು ಬರೆದನು; ಪ್ಯಾರಿಸಿನ ಲೂಯಿ ವಿಕ್ಟರ್ ಮಾರ್ಸೇಯು 1858ರಲ್ಲಿ ಗರ್ಭಿಣಿಯರು, ಬಾಣಂತಿಯರು, ಮೊಲೆಯೂಡುವ ತಾಯಂದಿರು ಎಂದು ಮೂರು ಭಾಗಮಾಡಿ ಇಡೀ ಗ್ರಂಥವನ್ನೇ ರಚಿಸಿದನು. ಇವರೆಲ್ಲರಿಗಿಂತ ನಮಗೆ ಬೆಲೆಯುಳ್ಳ ಸಾಕ್ಷಿ ಹದಿನೈದನೆಯ ಶತಮಾನದ ಮಾರ್ಜರಿ ಕೆಂಪ್ ಎಂಬ ಇಂಗ್ಲಿಷ್ ಹೆಂಗಸಿನದು. ಆಕೆ ತಾನು ಚೊಚ್ಚಲ ಹೆರಿಗೆಯ ಮೇಲೆ ಬುದ್ಧಿ ತಪ್ಪಿ ಅರ್ಧ ವರ್ಷ, ಎಂಟು ವಾರ ಮತ್ತು ಕೆಲವು ದಿನ ನರಳಿದುದಾಗಿ ಹೇಳಿ ಬರೆಯಿಸಿದಳು. ಆ ಹಸ್ತಪ್ರತಿಯು 1934ರಲ್ಲಿ ಪತ್ತೆಯಾಯಿತು. ವೈದ್ಯನ ಎಣಿಕೆಯಲ್ಲ, ಪುರೋಹಿತನ ಎಣಿಕೆಯಲ್ಲ. ಅನುಭವಿಸಿದವಳೇ ದಿನವನ್ನು ಎಣಿಸಿದ್ದಾಳೆ.

ಕನ್ನಡದಲ್ಲಿ ಈ ಎಣಿಕೆಯ ಪ್ರಶ್ನೆಯನ್ನು ನೇರವಾಗಿ ಎತ್ತಿದವರು ತ್ರಿವೇಣಿಯವರು. 1928ರಲ್ಲಿ ಹುಟ್ಟಿದ ಈ ಲೇಖಕಿಯರು ಮೈಸೂರಿನಲ್ಲಿ ಮನಃಶಾಸ್ತ್ರವನ್ನು ಓದಿ ಪದವಿ ಪಡೆದವರು. 1963ರಲ್ಲಿ ಹೆಣ್ಣುಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ 'ಶರಪಂಜರ' ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ಚಿತ್ರವಾಗಿ ತೆಗೆದುದರಿಂದ ಕಥೆಯು ಮನೆಮಾತಾಯಿತು. ಕಾವೇರಿಯೆಂಬ ಗೃಹಿಣಿಯು ಎರಡನೆಯ ಹೆರಿಗೆಯ ಬಳಿಕ ಮತಿವಿಕಲ್ಪಕ್ಕೆ ಒಳಗಾಗುತ್ತಾಳೆ. ಮದುವೆಗೆ ಮುಂಚಿನ ಒಂದು ಪ್ರಸಂಗದ ಪಾಪಭೀತಿಯು ಆಗ ಮೇಲೇಳುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ ಗುಣವಾಗುತ್ತದೆ. ಸಾಮಾನ್ಯ ಕಥೆಗಾರನಾಗಿದ್ದರೆ ಇಲ್ಲಿಗೆ ಮಂಗಳ ಹಾಡುತ್ತಿದ್ದನು. ಈ ಕಥೆಗೆ ನಿಜವಾದ ಆರಂಭವೇ ಇಲ್ಲಿಂದ. ಮನೆಗೆ ಮರಳಿದ ಕಾವೇರಿಯು ನಕ್ಕರೆ ಅನುಮಾನ, ಸುಮ್ಮನಿದ್ದರೆ ಅನುಮಾನ. ಯಾವ ಹೆಂಗಸಿಗೂ ಬರಬಹುದಾದ ಸಿಟ್ಟು ಆಕೆಗೆ ಬಂದರೆ ರೋಗದ ಚಿಹ್ನೆ. ನೆರೆಹೊರೆಯವರ ಕಣ್ಣು ಬೇರೆ, ಗಂಡನ ಕಣ್ಣು ಬೇರೆಯಾಗಿದೆ. ಆತನ ಮನಸ್ಸು ಮತ್ತೊಬ್ಬಳ ಕಡೆಗೆ ತಿರುಗಿದೆ. ಗುಣವಾದವಳನ್ನು ಗುಣವಾದಳೆಂದು ಒಪ್ಪದ ಮನೆಯೇ ಕೊನೆಗೆ ಆಕೆಯನ್ನು ಮತ್ತೆ ಆಸ್ಪತ್ರೆಗೆ ಅಟ್ಟುತ್ತದೆ.

ವಿಮರ್ಶಕರು ಈ ಕೃತಿಯನ್ನು ಮನೋವೈಜ್ಞಾನಿಕ ಕಾದಂಬರಿಯೆಂದು ವರ್ಗೀಕರಿಸಿ ಪಾಪಪ್ರಜ್ಞೆಯ ಭಾಗವನ್ನೇ ಹೆಚ್ಚಾಗಿ ಚರ್ಚಿಸುವುದುಂಟು. ಅದು ಅರ್ಧವಿಮರ್ಶೆ. ರೋಗಕ್ಕೆ ಕಾರಣವು ಕಾವೇರಿಯ ಒಳಗಿರಬಹುದು. ಮರುಕಳಿಕೆಗೆ ಕಾರಣವು ಸಂಪೂರ್ಣವಾಗಿ ಹೊರಗಿದೆ. ಶರಪಂಜರವೆಂಬ ಹೆಸರು ಖಾಂಡವದಹನದಲ್ಲಿ ಅರ್ಜುನನು ಬಾಣಗಳಿಂದ ಕಟ್ಟಿದ ಆವರಣವನ್ನು ನೆನಪಿಗೆ ತರುತ್ತದೆ. ಅಲ್ಲಿ ಅದು ಮಳೆಯನ್ನು ತಡೆಯಿತು. ಇಲ್ಲಿಯ ಬಾಣಗಳು ದೃಷ್ಟಿಗಳು. ಅವು ತಡೆಯುವುದು ಚೇತರಿಕೆಯನ್ನು. ಸಿರಿಯ ಪಾಡ್ದನವನ್ನೂ ಈ ಕಾದಂಬರಿಯನ್ನೂ ಪಕ್ಕಪಕ್ಕದಲ್ಲಿಟ್ಟು ಪಾಠಹೇಳುವ ಅಧ್ಯಾಪಕರಿಗೆ ಒಂದು ಸಂಗತಿ ಕಾಣದೆ ಇರದು. ಜಾತ್ರೆಯಲ್ಲಿ ಸಿರಿಯಾದವಳ ಮಾತನ್ನು ಮನೆಯವರು ನಿಂತು ಕೇಳುತ್ತಾರೆ. ಕಾವೇರಿಯ ಮಾತನ್ನು ಕೇಳುವವರಿಲ್ಲ, ಅಳೆಯುವವರಿದ್ದಾರೆ.

ಕಾದಂಬರಿಗಾರ್ತಿಯು ಕಂಡುದನ್ನು ಅಂಕಿಗಳು ಅನಂತರ ಹೇಳಿದುವು. 1987ರಲ್ಲಿ ಎಡಿನ್‌ಬರೋದಲ್ಲಿ ಕಾಕ್ಸ್, ಹೋಲ್ಡನ್, ಸಗೋವ್ಸ್ಕಿ ಎಂಬವರು ಹತ್ತು ಪ್ರಶ್ನೆಗಳ ಒಂದು ಮಾಪಕವನ್ನು ರಚಿಸಿದರು. ಹಿಂದಿನ ಏಳು ದಿನಗಳಲ್ಲಿ ನಗಲಾಯಿತೆ, ಮುಂದಿನದನ್ನು ಸಂತೋಷದಿಂದ ಎದುರುನೋಡಲಾಯಿತೆ, ಕಾರಣವಿಲ್ಲದೆ ಅಂಜಿಕೆಯಾಯಿತೆ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಎಳೆಗೂಸಿನ ತಾಯಿಗೆ ದಣಿವು ಸಹಜವಾದುದರಿಂದ ಮೈಯ ಲಕ್ಷಣಗಳನ್ನು ಬುದ್ಧಿಪೂರ್ವಕವಾಗಿ ಬಿಟ್ಟು ಮನಸ್ಸನ್ನೇ ಕೇಳಿದುದು ಅದರ ವಿಶೇಷ. ನಮ್ಮ ಸೂತಿಕಾಶಾಸ್ತ್ರದ ಎಣಿಕೆಗೆ ಇದು ಸರಿಯಾಗಿ ತಲೆಕೆಳಗು. ಕರ್ನಾಟಕದ ಗ್ರಾಮಾಂತರದ ಗರ್ಭಿಣಿಯರಲ್ಲಿ ಇದರ ಉಪಯುಕ್ತತೆಯನ್ನು ಪರೀಕ್ಷಿಸಿದ ಅಧ್ಯಯನವು 2011ರಲ್ಲಿ ಪ್ರಕಟವಾಯಿತು.

ನಮ್ಮ ಕರಾವಳಿಗೆ ನೆರೆಯಾದ ಗೋವೆಯಲ್ಲಿ ವಿಕ್ರಮ್ ಪಟೇಲ್ ಮುಂತಾದವರು 270 ತಾಯಂದಿರನ್ನು ಅನುಸರಿಸಿ 2002ರಲ್ಲಿ ಪ್ರಕಟಿಸಿದ ಫಲಿತಾಂಶವು ಇಲ್ಲಿ ಮುಖ್ಯವಾದುದು. ಹೆರಿಗೆಯಾದ ಆರೆಂಟು ವಾರಗಳಲ್ಲಿ ನೂರಕ್ಕೆ 23 ಮಂದಿಗೆ ಖಿನ್ನತೆಯಿದ್ದಿತು. ಅವರಲ್ಲಿ ನೂರಕ್ಕೆ 78 ಮಂದಿ ಗರ್ಭಿಣಿಯರಾಗಿದ್ದಾಗಲೇ ಗಣನೀಯವಾದ ಮನೋವ್ಯಥೆಯಲ್ಲಿದ್ದವರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಆರು ತಿಂಗಳ ಮೇಲೆಯೂ ಗುಣವಾಗಿರಲಿಲ್ಲ. ಬಡತನ, ಗಂಡಹೆಂಡಿರ ವೈಮನಸ್ಯ, ಹುಟ್ಟಿದ ಮಗು ಹೆಣ್ಣಾದುದು ಇವು ಕಾರಣಗಳ ಸಾಲಿನಲ್ಲಿ ಕಂಡುಬಂದುವು. ಬಯಕೆಯ ಸೀರೆಯ ಪ್ರಸಂಗವನ್ನು ಬಲ್ಲ ತುಳುವ ಹೆಂಗಸಿಗೆ ಈ ಎರಡನೆಯ ಅಂಕಿಯು ಆಶ್ಚರ್ಯವನ್ನು ತರಲಾರದು. ಕಾಶ್ಯಪನ ಆರು ತಿಂಗಳ ಔದಾರ್ಯವೂ ಸಾಲದೆಂಬುದು ಮೂರನೆಯದರಿಂದ ಗೊತ್ತಾಗುತ್ತದೆ.

ತವರುಮನೆಯ ಬಾಣಂತನವೇ ಇಂಥ ವ್ಯಥೆಗೆ ತಡೆಯೆಂದು ಹೇಳುವುದುಂಟು; ಸ್ಟರ್ನ್ ಮತ್ತು ಕ್ರುಕ್‌ಮನ್ ಎಂಬ ಮಾನವಶಾಸ್ತ್ರಜ್ಞರು 1983ರಲ್ಲಿ ಇದಕ್ಕೆ ಹೋಲುವ ವಾದವನ್ನು ಲೋಕಕ್ಕೆಲ್ಲ ಅನ್ವಯಿಸಿ ಮಂಡಿಸಿದರು. ಆದರೆ ಗೋವೆಯಲ್ಲಿಯೂ ತವರಿನ ಬಾಣಂತನವು ರೂಢಿಯಲ್ಲಿಯೇ ಇದೆ. ಎಣ್ಣೆನೀರೂ ವಿಶ್ರಾಂತಿಯೂ ಒಳ್ಳೆಯವು. ಅವು ಮುಗಿದ ಮೇಲೆ ಹೆಂಗಸು ಯಾವ ಮನೆಗೆ ಮರಳುವಳೆಂಬುದು ಬೇರೆ ಪ್ರಶ್ನೆ. ಸಂಪ್ರದಾಯಾಭಿಮಾನದಿಂದ ಎರಡನ್ನೂ ಒಂದುಮಾಡುವುದು ಸಮಂಜಸವಾಗಿ ತೋರುವುದಿಲ್ಲ. ವ್ಯಥೆಯು ಎಷ್ಟು ದೂರ ಸಾಗಬಹುದೆಂಬುದಕ್ಕೆ ಬ್ರಿಸ್ಟಲ್ ಪ್ರಾಂತದ ತಾಯಂದಿರ ದೀರ್ಘಾವಲೋಕನದಿಂದ 2018ರಲ್ಲಿ ಪ್ರಕಟವಾದ ಫಲಿತಾಂಶವು ಸಾಕ್ಷಿ: ಮೊದಲ ವರ್ಷದಲ್ಲಿ ತೀವ್ರವಾಗಿ ನಿಂತ ಖಿನ್ನತೆಯ ಲಕ್ಷಣಗಳು ಹನ್ನೊಂದು ವರ್ಷಗಳ ಮೇಲೆಯೂ ಕಂಡುಬಂದುವು.

ಗುಣವಾಗುವುದಿಲ್ಲವೆಂದು ಇದರ ಅರ್ಥವಲ್ಲ. ಪಾಕಿಸ್ತಾನದ ಹಳ್ಳಿಗಳಲ್ಲಿ ಅತೀಫ್ ರಹಮಾನ್ ಮುಂತಾದವರು ಊರಿನ ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತು ಕೊಟ್ಟು, ಖಿನ್ನರಾದ ಗರ್ಭಿಣಿಯರ ಮನೆಮನೆಗೆ ಕಳುಹಿಸಿ ಮಾತನಾಡಿಸಿದರು. 903 ತಾಯಂದಿರ ಈ ಪ್ರಯೋಗದ ಫಲವು 2008ರಲ್ಲಿ ಪ್ರಕಟವಾಯಿತು. ಹೆರಿಗೆಯಾಗಿ ವರ್ಷ ಕಳೆಯುವಾಗ ಹೀಗೆ ಮಾತನಾಡಿಸಿಕೊಂಡವರಲ್ಲಿ ನೂರಕ್ಕೆ 27 ಮಂದಿಯೂ, ಬರಿಯ ಭೇಟಿಗಳನ್ನು ಪಡೆದವರಲ್ಲಿ ನೂರಕ್ಕೆ 59 ಮಂದಿಯೂ ಖಿನ್ನತೆಯಲ್ಲಿದ್ದರು. ಔಷಧವಿಲ್ಲ, ಯಂತ್ರವಿಲ್ಲ, ಅತ್ತೆಗಂಡಂದಿರನ್ನೂ ಸೇರಿಸಿಕೊಂಡ ಮಾತು. ಮುಂದೆ ಗೋವೆಯಲ್ಲಿ ನೆರೆಯ ಹೆಂಗಸರಿಂದಲೇ ಇಂಥ ಕೆಲಸವನ್ನು ಮಾಡಿಸಿದ ಪ್ರಯೋಗವು 2019ರಲ್ಲಿ ವರದಿಯಾಯಿತು.

ಬೆಂಗಳೂರಿನ ಹಳೆಯ ಹುಚ್ಚರ ಆಸ್ಪತ್ರೆಯು 1925ರಲ್ಲಿ ಮೈಸೂರು ಸರಕಾರದ ಮಾನಸಿಕ ಆಸ್ಪತ್ರೆಯೆಂದು ಹೆಸರನ್ನು ಪಡೆದು, 1954ರಲ್ಲಿ ಅಖಿಲ ಭಾರತ ಸಂಸ್ಥೆಯು ಅದರೊಡನೆ ಸ್ಥಾಪಿತವಾಗಿ, 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿ 2009ರಲ್ಲಿ ಡಾ. ಪ್ರಭಾ ಚಂದ್ರ ಅವರ ನೇತೃತ್ವದಲ್ಲಿ ತಾಯಿ ಮತ್ತು ಶಿಶುವನ್ನು ಜತೆಯಾಗಿ ಇರಿಸಿಕೊಳ್ಳುವ ವಿಭಾಗವು ಆರಂಭವಾಯಿತು. ಇಂಗ್ಲೆಂಡಿನ ಕ್ಯಾಸೆಲ್ ಆಸ್ಪತ್ರೆಯಲ್ಲಿ 1948ರಲ್ಲಿ ತಾಯಿಯೊಡನೆ ಮಗುವನ್ನು ಸೇರಿಸಿಕೊಂಡುದು ಇದಕ್ಕೆ ಪೂರ್ವೋದಾಹರಣೆ. ಬೆಂಗಳೂರಿನ ವಿಭಾಗದಲ್ಲಿ ಇನ್ನೊಂದು ವಿಶೇಷವುಂಟು: ತಾಯಿಮಗುವಿನ ಸಂಗಡ ಮನೆಯವರೊಬ್ಬರು, ಹೆಚ್ಚಾಗಿ ರೋಗಿಯ ತಾಯಿ, ಉಳಿದುಕೊಳ್ಳುತ್ತಾರೆ. ಅಮೃತಸರದಲ್ಲಿಯೂ ವೆಲ್ಲೂರಿನಲ್ಲಿಯೂ 1950ರ ದಶಕದಲ್ಲಿ ರೋಗಿಯೊಡನೆ ಕುಟುಂಬವನ್ನು ಇರಿಸಿಕೊಂಡ ಭಾರತೀಯ ಪದ್ಧತಿಯ ಮುಂದುವರಿಕೆ ಇದು. ಬಳಿಕ 2017ರ ಮಾನಸಿಕ ಆರೋಗ್ಯಪಾಲನಾ ಅಧಿನಿಯಮವು ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಕೂಡದೆಂದು ವಿಧಿಸಿತು. ವಾಗ್ಭಟನು ಒಂದೂವರೆ ತಿಂಗಳಿಗೆ ಸೂತಿಕೆಯ ಹೆಸರನ್ನು ತೆಗೆದುಹಾಕಿದ್ದನು. ತಾಯಿಮಕ್ಕಳ ನಂಟಿಗೆ ಮೂರು ವರ್ಷಗಳ ಅವಧಿಯನ್ನು ಬರಹದಲ್ಲಿ ಕೊಟ್ಟ ನಮ್ಮ ದೇಶದ ಶಾಸನವು ಇದು.